ಪಕ್ಕದವರ ಉಸಿರು

ಬ್ಯಾಂಡ್ ಮೇಷ್ಟ್ರು ಹೊಟ್ಟೆಪಾಡಿಗೆ ದರ್ಜಿ. ವಾರವೆಲ್ಲ ಕತ್ತಿಗೆ ಟೇಪು ಹಾಕಿಕೊಂಡು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತ ಬಗ್ಗಿ ಕೂತಿರುತ್ತಿದ್ದ ಮನುಷ್ಯ, ಭಾನುವಾರ ಬಂತೆಂದರೆ ಬೇರೆಯೇ ಆಗಿಬಿಡುತ್ತಿದ್ದರು. ಬಡಾವಣೆಯ ಮಕ್ಕಳನ್ನು ಸಾಲು ನಿಲ್ಲಿಸಿ, ತಾವು ಕೋಲು ಹಿಡಿದು ಎಲ್ಲರಿಗಿಂತ ಮುಂದೆ, ವೃದ್ಧಾಶ್ರಮಕ್ಕೋ ದೊಡ್ಡಾಸ್ಪತ್ರೆಗೋ ಹೊರಟೇಬಿಡುತ್ತಿದ್ದರು. ಊದಿ ಬಾರಿಸಿದ ಮೇಲೆ ಮಕ್ಕಳು ವಾದ್ಯ ಕೆಳಗಿಟ್ಟು ಅಂಗಿಯ ತೋಳು ಮಡಚಬೇಕು. ಮುದುಕರ ಉಗುರು ಕತ್ತರಿಸಬೇಕು, ತಲೆ ಬಾಚಬೇಕು, ಹಾಸಿಗೆ ಬಟ್ಟೆ ಒಗೆದು ಹರವಬೇಕು. "ಬರೀ ಊದಿ ಬರೋಕೆ ನಾವೇನು ಬಸ್ಸಿನ ಹಾರನ್ನಾ?" ಎನ್ನುತ್ತಿದ್ದರು ಮೇಷ್ಟ್ರು.

ಅವರು ಮಕ್ಕಳ ತಲೆಗೆ ತುಂಬಿದ ಪಾಠ ಇನ್ನೊಂದಿತ್ತು. ನಡೆಯುತ್ತ ಯಾರದಾದರೂ ಉಸಿರು ಸೋತರೆ ಪಕ್ಕದವರು ಅವರ ಪಾಲನ್ನೂ ಊದಬೇಕು. ಸೋತವರು ವಾದ್ಯ ಇಳಿಸದೆ ಸುಮ್ಮನೆ ಬೆರಳಾಡಿಸುತ್ತ ನಡೆದರಾಯಿತು. ಕೇಳುವವರಿಗೆ ಗೊತ್ತಾಗಬಾರದು, ಸೋತವರನ್ನು ಆಮೇಲೆ ಯಾರೂ ಆಡಿಕೊಳ್ಳಬಾರದು. ಪಾಠವೇನೋ ಚಿನ್ನದಂಥದ್ದೇ. ಆದರೆ ಪದೇ ಪದೇ ಸೋಲುವವರು ಕಣ್ಣಿಗೆ ಬಿದ್ದರೆ ಮೇಷ್ಟ್ರು ಅವರನ್ನು ಸಾಲಿನಿಂದ ತೆಗೆದು ನೀರಿನ ಗಾಡಿ ತಳ್ಳಲು ಹಾಕುತ್ತಿದ್ದರು. ಮುಖ ಊದಿಸಿಕೊಂಡು ಆ ಗಾಡಿ ತಳ್ಳಿದವರ ಸಂಕಟ ತಳ್ಳಿದವರಿಗೇ ಗೊತ್ತು.

ಮೇಷ್ಟ್ರ ಒಬ್ಬಳೇ ಮಗಳು ಮುಂದಿನ ಸಾಲಿನಲ್ಲಿ ತುತ್ತೂರಿ ಊದುತ್ತಿದ್ದಳು. ಹಾಡಿನ ಧಾಟಿ ಅವಳದು. ಅವಳ ಪಕ್ಕದಲ್ಲಿ ಇನ್ನೊಂದು ತುತ್ತೂರಿ ಹಿಡಿದ ಜೀವದ ಗೆಳತಿ. ಊದುವಾಗ ಕೆನ್ನೆ ಉಬ್ಬುವ ಪರಿ ನೋಡಿ ಎಲ್ಲರೂ ಅವಳನ್ನು ಬಲೂನು ಎಂದೇ ಕರೆಯುತ್ತಿದ್ದರು. ಧಾಟಿಗೆ ಆಸರೆಯಾಗಿ ಕೆಳಗಿನ ಸ್ವರ ಹಿಡಿಯುವುದು ಬಲೂನಿನ ಪಾಲು. ವಾದ್ಯಗಳನ್ನು ಮಾತ್ರ ಯಾರೂ ಮನೆಗೆ ಒಯ್ಯುವಂತಿರಲಿಲ್ಲ. ಶೆಡ್ಡಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹಾಗಾಗಿ ಮಗಳು ಒಬ್ಬಳೇ ಊದುವುದನ್ನು ಅಪ್ಪ ಕೇಳಿ ಎಷ್ಟೋ ಕಾಲವಾಗಿತ್ತು.

ಆ ವರ್ಷ ಮಗಳು ಇಳಿದುಹೋಗತೊಡಗಿದಳು. ತಾಯಿಯ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ?

"ರೀ, ಇವಳು ಮೆಟ್ಟಿಲು ಹತ್ತಿ ಬಂದ್ರೆ ಗೋಡೆ ಹಿಡ್ಕೊಂಡು ನಿಲ್ತಾಳೆ. ಒಂದ್ಸಲ ಡಾಕ್ಟ್ರಿಗೆ ತೋರಿಸಬಾರದಾ?" ಎಂದರು ಮೇಷ್ಟ್ರ ಹೆಂಡತಿ.

"ನಿನಗೆ ಎಲ್ಲದಕ್ಕೂ ಗಾಬರಿ. ಭಾನುವಾರ ಬಂದು ಕೇಳು, ಅವಳ ಉಸಿರು ಹೇಗಿದೆ ಅಂತ ಗೊತ್ತಾಗುತ್ತೆ."

ಮಗಳ ಬ್ಯಾಂಡಿನ ಬಟ್ಟೆ ಸಡಿಲವಾಯಿತು. ಮೇಷ್ಟ್ರು ಸೊಂಟ ಅಳೆದು, ಹಿಡಿದು ಹೊಲಿದುಕೊಟ್ಟರು. ಮತ್ತೆ ಸಡಿಲವಾಯಿತು, ಮತ್ತೆ ಹಿಡಿದರು. "ಬೆಳೆಯೋ ವಯಸ್ಸಲ್ಲಿ ಕರಗ್ತಾ ಇದ್ದೀಯಲ್ಲೇ," ಎಂದು ತಮಾಷೆ ಬೇರೆ. ಊರಿನವರ ಅಳತೆಯೆಲ್ಲ ಬಾಯಿಪಾಠವಿದ್ದ ಈ ಪುಣ್ಯಾತ್ಮನ ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ. ಮಕ್ಕಳಿಗೆ ಬೆನ್ನು ಮಾಡಿ ಮುಂದೆ ನಡೆಯುವವರಿಗೆ ಕಿವಿಯೇ ಕಣ್ಣು. ಆ ಕಿವಿಗೆ ಪ್ರತಿ ಭಾನುವಾರವೂ ಧಾಟಿ ತುಂಬಿಕೊಂಡು ಕೇಳಿಸುತ್ತಿತ್ತು.

ಒಂದು ಭಾನುವಾರ ಆಸ್ಪತ್ರೆಯ ಅಂಗಳದಲ್ಲಿ ಊದಿ ಮುಗಿಸಿ ಮಕ್ಕಳು ಬಟ್ಟೆ ಹಿಂಡುತ್ತಿದ್ದರು. ಮಗಳು ನೀರಿನ ತೊಟ್ಟಿಗೆ ಒರಗಿ ಕೂತಳು, ಕೂತಲ್ಲಿಂದ ಹಾಗೇ ವಾಲಿದಳು. ಆಸ್ಪತ್ರೆಯಲ್ಲೇ ಇದ್ದರಲ್ಲ, ಎತ್ತಿಕೊಂಡು ಓಡಿದರು.

"ಹೃದಯದ ಕವಾಟ ಪೂರ್ತಿ ಹಾಳಾಗಿದೆ. ಇಷ್ಟು ದಿನ ಏನ್ಮಾಡ್ತಿದ್ರಿ?" ಎಂದರು ಡಾಕ್ಟರಮ್ಮ.

"ಈಗಷ್ಟೇ ತುತ್ತೂರಿ ಊದಿದ್ಲು ಮೇಡಂ."

"ಸಾಧ್ಯವೇ ಇಲ್ಲ. ಈ ಮಗುಗೆ ನಾಲ್ಕು ಹೆಜ್ಜೆ ನಡೆಯೋದೇ ಕಷ್ಟ ಇತ್ತು. ಸ್ವಲ್ಪ ಮೊದಲೇ ಕರ್ಕೊಂಡು ಬಂದಿದ್ರೆ ಏನಾದ್ರೂ ಮಾಡಬಹುದಿತ್ತು."

ವಾರ ತುಂಬುವ ಮೊದಲೇ ಮಗಳು ಹೋಗಿಬಿಟ್ಟಳು. ಮನೆಯಲ್ಲಿ ಹೆಂಡತಿ ಮಾತು ಬಿಟ್ಟರು. ಬೈದಿದ್ದರೆ, ಎದೆಗೆ ಗುದ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರೇನೋ. ಆಕೆ ತಟ್ಟೆ ಮುಂದಿಟ್ಟು ಒಳಗೆ ಹೋಗುತ್ತಿದ್ದರು, ಅಷ್ಟೇ. ಡಾಕ್ಟರಮ್ಮನ "ಸಾಧ್ಯವೇ ಇಲ್ಲ" ಎಂಬ ಮಾತು ಮಾತ್ರ ಮೇಷ್ಟ್ರ ತಲೆ ಕೊರೆಯುತ್ತಿತ್ತು. ತಡೆಯಲಾರದೆ ಒಂದು ದಿನ ಶೆಡ್ಡಿಗೆ ಮಕ್ಕಳನ್ನೆಲ್ಲ ಕರೆಸಿದರು.

"ಅವಳ ಧಾಟಿ ಯಾರು ಊದ್ತಿದ್ರಿ?"

ಬಲೂನು ಮುಂದೆ ಬಂದಳು.

"ನಾನು ಮೇಷ್ಟ್ರೇ. ಪರೀಕ್ಷೆ ಮುಗಿದಾಗಿನಿಂದ. ನನ್ನ ಸ್ವರನ ಹಿಂದಿನ ಸಾಲಿನವರು ಹಂಚ್ಕೊಂಡ್ರು."

"ನನಗೊಂದು ಮಾತು ಹೇಳೋಕೆ ನಿಮ್ಮ ಬಾಯಿಗೇನಾಗಿತ್ತು?"

"ಹೇಳಬೇಡಿ ಅಂತ ಆಣೆ ಹಾಕಿಸಿದ್ಲು. ಗೊತ್ತಾದ್ರೆ ಅಪ್ಪ ನೀರಿನ ಗಾಡಿಗೆ ಹಾಕ್ತಾರೆ, ಮಗಳು ಅಂತ ಬಿಡಲ್ಲ ಅಂದ್ಲು." ಹುಡುಗಿ ಮೂಗೊರೆಸಿಕೊಂಡಳು. "ಪಕ್ಕದವರದ್ದು ಊದಬೇಕು ಅಂತ ನೀವೇ ಹೇಳಿದ್ದಲ್ವಾ ಮೇಷ್ಟ್ರೇ?"

ಮೇಷ್ಟ್ರ ಕೈ ಮೇಲೆದ್ದಿತು. ಕಪಾಳಕ್ಕೆ ಬೀಳಬೇಕಾಗಿದ್ದದ್ದು ಗಾಳಿಯಲ್ಲೇ ನಿಂತಿತು. ಯಾರ ಕಪಾಳಕ್ಕೆ ಹೊಡೆಯುವುದು? ತಾವೇ ಹೇಳಿಕೊಟ್ಟ ಒಳ್ಳೆಯತನವನ್ನು ಈ ಮಕ್ಕಳು ಒಂದಕ್ಷರ ತಪ್ಪದೆ ಒಪ್ಪಿಸಿದ್ದರು. ಕೈ ಇಳಿಸಿ ಬೆಂಚಿನ ಮೇಲೆ ಕೂತು, "ಊದು," ಎಂದರು.

ಬಲೂನು ತುತ್ತೂರಿ ಎತ್ತಿ ಅದೇ ಧಾಟಿ ಊದಿದಳು. ಕೊನೆಯ ಭಾನುವಾರ ಆಸ್ಪತ್ರೆ ಬಾಗಿಲಲ್ಲಿ ಮೇಷ್ಟ್ರು ಹಿಂದೆ ತಿರುಗಿ, "ಇವತ್ತು ಎದೆ ತುಂಬಿ ಊದಿದೆ ಕಣೇ," ಎಂದು ಮಗಳ ಬೆನ್ನು ತಟ್ಟಿದ್ದರು. ಮಗಳು ಬರೀ ನಕ್ಕಿದ್ದಳು. ಅವತ್ತು ಕೇಳಿದ್ದು ಇದೇ ಉಸಿರು. ಹುಡುಗಿ ಊದಿ ಮುಗಿಸಿ ತುತ್ತೂರಿ ಇಳಿಸಿದಳು.

"ಅವಳು?" ಎಂದರು ಮೇಷ್ಟ್ರು. "ಅವಳು ಒಂಚೂರೂ ಊದ್ತಿರಲಿಲ್ವಾ?"

"ಊದ್ತಿದ್ಲು ಮೇಷ್ಟ್ರೇ. ಕೊನೇ ಸ್ವರ ಮಾತ್ರ ಊದ್ತಿದ್ಲು, ಸಣ್ಣಗೆ. ನಿಮಗೆ ಕೇಳಿಸ್ತಿರಲಿಲ್ಲ. ನಾನು ಜೋರಾಗಿ ಊದ್ತಿದ್ನಲ್ಲ."