ಬಾತ ಕಾಲಿನ ಉಂಗುರ

ನನ್ನ ಮೊಮ್ಮಗಳಿಗೆ ಯಾರ ದೃಷ್ಟಿಯೂ ತಾಕಿರಲಿಲ್ಲ. ಹೊಟ್ಟೆಯಲ್ಲಿ ಗಂಡು ಕೂಸಿದೆ ಎಂಬ ಕಾರಣಕ್ಕೆ ಅವಳ ಕಾಲು ಬಾತಿರಲೂ ಇಲ್ಲ, ಹುಟ್ಟಿದ್ದು ಹೆಣ್ಣು. ಬಿ.ಪಿ. ಏರಿತ್ತು, ಅಷ್ಟೇ. ಇಷ್ಟು ತಿಳಿದುಕೊಳ್ಳಲು ಮನೆ ತುಂಬ ಇದ್ದ ಹೆಂಗಸರಿಗೆ ಬುದ್ಧಿ ಸಾಲಲಿಲ್ಲ.

ಹೂವಿನ ಹಿಪ್ಪರಗಿ ಅವಳ ಗಂಡನ ಊರು. ಅವಳ ಸೀಮಂತದ ಕುಬಸಕ್ಕೆಂದು ನಾನು ಎರಡು ದಿನ ಮೊದಲೇ ನಿಡಗುಂದಿಯಿಂದ ಹೋಗಿದ್ದೆ. ಅಂದೇ ಬಾಗೇವಾಡಿಯ ದವಾಖಾನೆಯಲ್ಲಿ ಬಸುರಿಯರ ತಪಾಸಣೆ ಇತ್ತು. ಅವಳನ್ನು ಕರೆದುಕೊಂಡು ಅವಳ ಗಂಡನ ಜೊತೆ ನಾನೂ ಹೋದೆ. ತೋಳಿಗೆ ಪಟ್ಟಿ ಸುತ್ತಿ ನೋಡಿದರು, ಮೂತ್ರ ಪರೀಕ್ಷಿಸಿದರು, ಸ್ವಲ್ಪ ಹೊತ್ತು ಮಲಗಿಸಿ ಮತ್ತೆ ಪಟ್ಟಿ ಸುತ್ತಿದರು.

"ಬಿ.ಪಿ. ಭಾಳ ಐತ್ರಿ, ಇವತ್ತೇ ಅಡ್ಮಿಟ್ ಆಗ್ರಿ" ಎಂದರು ಡಾಕ್ಟರಮ್ಮ. "ಹಿಂಗ ಬಿಟ್ರ ಫಿಟ್ಸ್ ಬರ್ತಾವು, ತಾಯಿಗೂ ಕೂಸಿಗೂ ಜೀವಕ್ಕ ಧೋಕಾ. ಕಾಲುಂಗುರ ಕಚ್ಯಾವು, ತಗೀರಿ."

"ಅವ್ವನ್ನ ಕೇಳಿ ಬರ್ತೇವ್ರಿ" ಎಂದ ಅವಳ ಗಂಡ. ಮೀಸೆ ಹೊತ್ತ ಗಂಡಸು! ನಾನು ಬೈಯುತ್ತಿದ್ದಂತೆಯೇ ಅವಳನ್ನು ಆಟೋ ಹತ್ತಿಸಿದ. ಡಾಕ್ಟರಮ್ಮ ಕೊಟ್ಟ ಗುಳಿಗೆಯನ್ನು ನನ್ನೆದುರೇ ನುಂಗಿಸಿದೆ.

ಮನೆಯಲ್ಲಿ ಅವನ ತಾಯಿ ನೆರೆಯವರನ್ನು ಕೂಡಿಸಿಕೊಂಡು ಕರ್ಚಿಕಾಯಿ ತುಂಬುತ್ತಿದ್ದಳು.

"ಕಾಲು ಬಾತಾವಂದ್ರ ಗಂಡೇ ಬಿಡ್ರಿ. ನನ್ನ ಮಗ ಹೊಟ್ಟ್ಯಾಗಿದ್ದಾಗ ನನಗೂ ಹಿಂಗ ಬಾತಿದ್ವು."

"ಹೌದ್ರಿ ಬೀಗತಿ. ಆ ಬಾವು ಹೊರಗ ಬಂದು ಅಲ್ಲಿ ಮೊಬೈಲ್ ತಿಕ್ಕೋತ ಕುಂತೈತಿ ನೋಡ್ರಿ" ಎಂದೆ.

ಒಬ್ಬಳು ಕಿಸಕ್ಕನೆ ನಕ್ಕಳು. ಬೀಗತಿ ನಗಲಿಲ್ಲ.

"ನಾಡಿದ್ದ ಕುಬಸ. ಮಂದಿಗೆ ಹೇಳೇವಿ. ಮುಗಿದ ಮ್ಯಾಲ ಅಡ್ಮಿಟ್ ಮಾಡೋಣ್ರಿ. ಕಾಲುಂಗುರ ಮಾತ್ರ ತಗಿಯಂಗಿಲ್ಲ. ಗಂಡ ಇರೋತನಕ ತಗೀಬಾರ್ದು."

"ಏ ತಮ್ಮಾ, ನಿನ್ನ ಜೀವ ಈಕಿ ಕಾಲಬೆರಳಾಗ ಐತೇನೋ?" ಎಂದೆ ಅವಳ ಗಂಡನಿಗೆ.

"ಅವ್ವ ಹೇಳಿದಂಗ, ಆಯಿ" ಎಂದ. ಮೊಬೈಲಿನಿಂದ ತಲೆ ಎತ್ತಲಿಲ್ಲ.

ನೆರೆಯವಳೊಬ್ಬಳು ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಹೊಗೆಗೆ ಬಸುರಿ ಕೆಮ್ಮಿ ಕೆಮ್ಮಿ ಕಣ್ಣೀರಾದಳು. ಬಾವು ಇದ್ದಲ್ಲೇ ಇತ್ತು. ಇನ್ನೊಬ್ಬಳು, ಬಾಯಿ ಸಪ್ಪಗಾಗಿರುತ್ತದೆ ಎಂದು ತಾಟಿಗೆ ಉಪ್ಪಿನಕಾಯಿ ಬಡಿಸಿದಳು. ತಾಟನ್ನೇ ಸರಿಸಿದೆ.

ಸಂಜೆ ಮೊಮ್ಮಗಳು ಹತ್ತಿರ ಬಂದು ಕೂತಳು. "ಆಯಿ, ಬೆರಳು ಕೊಯ್ದಂಗ ಆಗಾಕತ್ತೈತಿ. ಖರೇನ ಫಿಟ್ಸ್ ಬರ್ತಾವೇನು? ಆದ್ರ ದವಾಖಾನಿಗೆ ಹೋದ್ರ ಅತ್ತಿ ಸಿಟ್ಟಾಗ್ತಾರ."

"ಆಗ್ಲಿ. ಆಕಿ ಸಿಟ್ಟಿಗೆ ದವಾಖಾನಿ ಬೇಕಾಗಿಲ್ಲ, ನಿನಗ ಬೇಕು."

ಮರುದಿನ ಬೆಳಿಗ್ಗೆ ಬೀಗತಿ ಅಂಗಳ ಸಾರಿಸುತ್ತಿದ್ದಳು. ಅವಳ ಎದುರಿಗೇ ಮೊಮ್ಮಗಳನ್ನು ಆಟೋದಲ್ಲಿ ಕೂರಿಸಿಕೊಂಡು ಮೊದಲು ಅಕ್ಕಸಾಲಿಗ ಪತ್ತಾರನ ಬಾಗಿಲಿಗೆ ಹೋದೆ.

"ಮುತ್ತೈದಿ ಕಾಲುಂಗುರ ಹೆಂಗ ಕತ್ತರಿಸ್ಲಿ ಆಯಿ?" ಎಂದು ಪತ್ತಾರನೂ ಶುರು ಮಾಡಿದ.

"ಹಂಗಾದ್ರ ಬೆರಳು ಕತ್ತರಿಸು. ಇಲ್ಲಾ ಇಕ್ಕಳ ಇತ್ತ ಕೊಡು."

ಇಕ್ಕಳ ಹಿಡಿದು ತಾನೇ ಕತ್ತರಿಸಿದ. ಬೆಳ್ಳಿ ಕೂತಿದ್ದ ಜಾಗದಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ಅಲ್ಲಿಂದ ನೇರ ಬಾಗೇವಾಡಿಗೆ ಹೋಗಿ ಅಡ್ಮಿಟ್ ಮಾಡಿಸಿದೆ. ಅವಳಿಗೆ ಸಲಾಯಿನ್ ಹಚ್ಚುತ್ತಿದ್ದಾಗ ಗಂಡ ಬೈಕಿನಲ್ಲಿ ಬಂದಿಳಿದ. ಗಟ್ಟಿಮುಟ್ಟಾಗಿಯೇ ಇದ್ದ. ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ತುಂಡುಗಳನ್ನು ಅವನ ಅಂಗೈಗೆ ಸುರಿದು, ಅವ್ವನಿಗೆ ಕೊಡು ಎಂದು ಕಳಿಸಿದೆ.