ಹುಳದ ಮನೆಯ ಕೆಂಡ

ಆ ಮಧ್ಯಾಹ್ನ ನಾನು ಹುಳದ ಮನೆಯ ಬಾಗಿಲಲ್ಲಿ ಕೂತು ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದೆ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಸಂಕ್ರಾಂತಿ ಕಳೆದರೂ ಮಾಗಿಯ ಚಳಿ ಬಿಟ್ಟಿರಲಿಲ್ಲ, ಬೆರಳು ಮರಗಟ್ಟುತ್ತಿದ್ದವು. ಹನೂರಿಗೆ ಗಾಡಿ ಕಟ್ಟಿಕೊಂಡು ಹೋಗಿದ್ದ ಮೈದುನ ಎತ್ತು ಬಿಚ್ಚುವ ಮೊದಲೇ ಕೂಗಿದ:

“ಅತ್ತಿಗೆ, ಅಜ್ಜೀಪುರದ ತಾವು ಕಾಲವಲ್ದ ಕಾಲ್ದಲ್ಲಿ ಆಲಿಕಲ್ಲು ಬಿದ್ದವೆ. ಮೋಡ ಇತ್ಲಾಗೇ ಬತ್ತಾ ಅದೆ. ನೆನೆಯಕ್ ಮುಂಚೆ ಸೊಪ್ಪು ಕುಯ್ಕಬೇಕು.”

ನೆಂದ ಸೊಪ್ಪು ತಿಂದರೆ ಹುಳ ಕೆಡುತ್ತದೆ. ಅವನೂ ನಮ್ಮ ಯಜಮಾನರೂ ಗೋಣಿ ಹೊದ್ದು ತೋಟಕ್ಕೆ ಓಡಿದರು. ನನಗೆ ನೆನಪಾದದ್ದು ಹಿತ್ತಲ ಸೋಗೆ ಗುಡಿಸಲು. ತಿಂಗಳು ತುಂಬುವ ಮೊದಲೇ ಹೆತ್ತ ನಾದಿನಿ ಅಲ್ಲಿ ಕೂಸನ್ನು ಅವಚಿಕೊಂಡು ಮಲಗಿದ್ದಳು. ಪುರುಡು ಕಳೆಯುವವರೆಗೆ ಬಾಣಂತಿ ಹುಳದ ಮನೆ ಹೊಸ್ತಿಲು ತುಳಿಯುವಂತಿರಲಿಲ್ಲ; ಮೈಲಿಗೆ ತಾಗಿದರೆ ಹುಳ ಗೂಡು ಕಟ್ಟುವುದಿಲ್ಲ ಎಂಬ ನಂಬಿಕೆ. ಅತ್ತೆ ಈ ವಿಷಯದಲ್ಲಿ ಬಲು ಬಿಗಿ.

ಓಡಿನ ಚೂರಲ್ಲಿ ಒಂದಿಷ್ಟು ಕೆಂಡ ತೆಗೆದುಕೊಂಡು ಹೋದೆ. ಸೋಗೆಯೊಳಗೆ ನುಗ್ಗುತ್ತಿದ್ದ ಗಾಳಿಗೆ ಅದು ನೋಡನೋಡುತ್ತ ಬೂದಿಯಾಯಿತು. ಕೂಸಿನ ಪಾದ ಮುಟ್ಟಿದೆ. ತಣ್ಣಗಿತ್ತು.

“ಎದೆಗೂ ಬಾಯಾಕ್ತಿಲ್ಲ, ಅಳೂದೂ ಇಲ್ಲ ಕಣತ್ತಿಗೆ,” ಎಂದಳು ನಾದಿನಿ.

ಬಂದು ಅತ್ತೆಗೆ ಹೇಳಿದೆ. ಅವರು ಹುಳ ಬೆಚ್ಚಗಿರಲೆಂದು ಹುಳದ ತಟ್ಟೆಗಳ ನಡುವಿನ ಅಗ್ಗಿಷ್ಟಿಕೆಗೆ, ಮನೆಯಲ್ಲಿ ಉಳಿದಿದ್ದ ಕಡೆಯ ಇದ್ದಿಲು ಹಾಕುತ್ತಿದ್ದರು. ಕೈ ತಡೆಯಿತು. ಗೋಡೆಯ ಗೂಡಿನಲ್ಲಿದ್ದ ಮಾದಪ್ಪನ ಪಟದ ಕಡೆ ಒಂದು ಗಳಿಗೆ ನೋಡಿದರು.

“ಓಗು, ಕರ್ಕಬಾ.”

“ಎಲ್ಲಿಗತ್ತೆ?”

“ಇಲ್ಲಿಗೇ ಕಣಮ್ಮಿ. ಬೆಚ್ಚಗಿರೋ ಜಾಗ ಇನ್ನೆಲ್ಲದೆ, ನಿನ್ ತವರುಮನೇಲಾ?”

ನಾದಿನಿ ಹೊಸ್ತಿಲ ಬಳಿ ಬಂದು ಹೆದರಿ ನಿಂತಳು. ಅತ್ತೆಯೇ ರಟ್ಟೆ ಹಿಡಿದು ಒಳಗೆಳೆದುಕೊಂಡರು. ಕೂಸಿನ ಹಣೆಗೆ ವಿಭೂತಿ ಹಚ್ಚಿ, ಕೆಂಡಕ್ಕೆ ಅಂಗೈ ಕಾಯಿಸಿ ಪಾದ ಉಜ್ಜತೊಡಗಿದರು.

ಅಷ್ಟರಲ್ಲಿ ಹೆಂಚಿನ ಮೇಲೆ ಪಟಪಟ ಸದ್ದು. ನಾಲ್ಕಾರು ಆಲಿಕಲ್ಲು ಅಂಗಳದಲ್ಲಿ ಪುಟಿದವು. ಹಿಂದೆಯೇ ಕೊರೆಯುವ ಮಳೆ. ತೋಟದಿಂದ ಬಂದ ಯಜಮಾನರು ಎತ್ತು ನೋಡಲು ಕೊಟ್ಟಿಗೆಗೆ ಓಡಿದರು. ಸೊಪ್ಪಿನ ಹೊರೆ ಹೊತ್ತು ಓಡಿಬಂದ ಮೈದುನ ತಂಗಿಯನ್ನು ಕಂಡು ಬಾಗಿಲಲ್ಲೇ ನಿಂತ.

“ಅವ್ವಾ, ಇದೇನು! ಬೆಳೆಯೆಲ್ಲ ಕೆಡ್ತದೆ!”

“ಕೆಟ್ರೆ ಕೆಡ್ಲಿ ಕಣ್ಲಾ. ಹುಳ ಇನ್ನೊಂದ್ ಸಲ ಬತ್ತವೆ. ಇದು ಬತ್ತದಾ? ಬಾಗ್ಲು ಮುಚ್ಚು, ಗಾಳಿ ಬತ್ತದೆ.”

ಅವನು ಹೊರೆ ಒಳಗಿಳಿಸಿ ಬಾಗಿಲು ಎಳೆದುಕೊಂಡ. ಅತ್ತೆ ಉಜ್ಜುತ್ತಲೇ ಇದ್ದರು. ತುಟಿ ಮಾತ್ರ “ಮಾದಪ್ಪ, ಮುನಿಸ್ಕಬ್ಯಾಡ” ಎನ್ನುತ್ತಿತ್ತು. ಎಷ್ಟು ಹೊತ್ತಾಯಿತೋ, ಕೂಸು ಕಾಲು ಸೆಳೆದುಕೊಂಡಿತು. ಆಮೇಲೆ ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಿತು. ನಾದಿನಿ ಸಮಾಧಾನ ಮಾಡಲು ಹೋದಳು.

“ಅಳ್ಲಿ ಬುಡು,” ಎಂದರು ಅತ್ತೆ. “ಅಳ್ಲಿ.”

ಎದೆಗೆ ಬಾಯಿ ಹಾಕಿತು, ಬಿಟ್ಟಿತು, ಮತ್ತೆ ಹಾಕಿತು. ರಾತ್ರಿ ಹೇಗೆ ಕಳೆಯುತ್ತದೋ ಎಂಬ ದಿಗಿಲು ನನ್ನನ್ನು ಬಿಡಲಿಲ್ಲ. ಆದರೂ ಮಾದಪ್ಪ ಅಷ್ಟು ಕೊಟ್ಟನಲ್ಲ ಎಂದು ಕೈ ಮುಗಿದೆ. ಹೊರೆ ಬಿಚ್ಚಿದರೆ ಮೇಲಿನ ಸೊಪ್ಪಷ್ಟೇ ನೆಂದಿತ್ತು, ನಡುವಿನದಕ್ಕೆ ನೀರು ತಾಗಿರಲಿಲ್ಲ. ಅದೂ ಅವನದೇ ಕರುಣೆ. ಹಳೆ ಸೀರೆಯ ತುಂಡು ತಂದು ಕೂತು, ನೆಂದ ಎಲೆಗಳನ್ನು ಒಂದೊಂದಾಗಿ ಒರೆಸತೊಡಗಿದೆ.