ಮುತ್ತಿ ಕಲಿಸಿದ ಇಂಗ್ಲಿಷು

ಕೊಡ್ಲಿಪೇಟೆಯ ಏಲಕ್ಕಿ ವ್ಯಾಪಾರಿ ರೇವಣ್ಣನವರಿಗೆ ಇಂಗ್ಲಿಷು ಕಲಿಸಿದ್ದು ಅವರದೇ ಮಂಡಿಯಲ್ಲಿ ಏಲಕ್ಕಿ ಆರಿಸುತ್ತಿದ್ದ ಮುತ್ತಿ. ಈಗ ಹೇಳಿದರೆ ಜನ ನಗುತ್ತಾರೆ. ಆಗಲೂ ನಕ್ಕಿದ್ದರು. ನಗುವವರಿಗೇನು, ಹಲ್ಲಿದ್ದರೆ ಸಾಕು.

ಮುತ್ತಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸುಂಟಿಕೊಪ್ಪದ ಹತ್ತಿರ ಒಂದು ಎಸ್ಟೇಟಿನ ಬಂಗಲೆಯಲ್ಲಿ ಏಳು ವರ್ಷ ಆಯಾ ಆಗಿದ್ದವಳು. ದೊರೆಯ ಮಗ ರಾಬಿನ್ ಬಾಬಾ ಹುಟ್ಟಿದ ಹನ್ನೊಂದನೇ ದಿನದಿಂದ ಅವಳ ಮಡಿಲಲ್ಲೇ ಬೆಳೆದ. ಉಣ್ಣಿಸಿದ್ದು, ಮೀಯಿಸಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಕೂತದ್ದು ಎಲ್ಲ ಅವಳೇ. ದೊರೆಸಾನಿ ಮಗುವಿನ ಜೊತೆ ಆಡುವ ಮಾತು ಕೇಳಿ ಕೇಳಿ ಅವಳೂ ಆಡಿದಳು. ಇಂಗ್ಲಿಷು ಬಂದದ್ದು ಹಾಗೆ.

ಏಳು ತುಂಬಿದ ಕೂಡಲೇ ಹುಡುಗನನ್ನು ಓದಿಗೆಂದು ಹಡಗು ಹತ್ತಿಸಿ ಸೀಮೆಗೆ ಕಳಿಸುವುದೆಂದಾಯಿತು. ಆಯಾಳನ್ನು ಬಿಟ್ಟು ಹೊರಡುವಾಗ ಅತ್ತು ರಂಪ ಮಾಡಿಯಾನೆಂದು, ಆ ದಿನ ದೊರೆಸಾನಿ ಮುತ್ತಿಯನ್ನು ಕಿತ್ತಳೆ ತರಲು ಸಂತೆಗೆ ಕಳಿಸಿದಳು. ಬುಟ್ಟಿ ಹೊತ್ತು ತಿರುಗಿ ಬಂದರೆ ಮಂಚ ಖಾಲಿ. ಆಮೇಲೆ ಅವಳಿಗೆ ಆ ಬಂಗಲೆಯ ಅನ್ನ ಸೇರಲಿಲ್ಲ. ಕೊಡ್ಲಿಪೇಟೆಯಲ್ಲಿದ್ದ ತಂಗಿ ಕೆಂಚಿಯ ಮನೆಗೆ ಬಂದುಬಿಟ್ಟಳು. ಅದಾಗಿ ಎಂಟು ವರ್ಷ.

ಹೀಗಿರುವಾಗ ಲಂಡನ್ನಿನ ಒಂದು ಕಂಪನಿಯಿಂದ ರೇವಣ್ಣನವರಿಗೆ ಕಾಗದ ಬಂತು. ಏಲಕ್ಕಿ ವ್ಯಾಪಾರವನ್ನು ಪಾಲಿನಲ್ಲಿ ಮಾಡುವ ಯೋಚನೆಯಿದೆ, ನಮ್ಮವರೊಬ್ಬರು ಬಂದು ಮಾತಾಡುತ್ತಾರೆ ಎಂದಿತ್ತು. ಹಿಂದೊಮ್ಮೆ ದುಭಾಷಿಯನ್ನು ನಂಬಿ, ಇವರು ಹೇಳಿದ್ದೊಂದು ಅವನು ದೊರೆಗೆ ತಿಳಿಸಿದ್ದೊಂದು ಆಗಿ ಕೈಗೆ ಬಂದ ತುತ್ತು ಬಾಯಿಗೆ ಬಂದಿರಲಿಲ್ಲ. ಈ ಸಲ ತಮ್ಮ ಬಾಯಿಂದಲೇ ಮಾತಾಡಬೇಕೆಂದು ರೇವಣ್ಣನವರ ಹಟ. ಸ್ಕೂಲು ಮೇಷ್ಟ್ರು ಜಯಪ್ಪ ಇಂಗ್ಲಿಷು ಓದಬಲ್ಲರು, ಬರೆಯಬಲ್ಲರು. ಬಿಳಿಯರ ಎದುರು ನಿಂತರೆ ಮಾತ್ರ ಅವರ ನಾಲಿಗೆ ಮೇಲೇಳುತ್ತಿರಲಿಲ್ಲ.

ಅದೇ ವಾರ ಮಂಡಿಯ ಅಂಗಳದಲ್ಲಿ ಏಲಕ್ಕಿ ಬುಟ್ಟಿಗೆ ಬಾಯಿ ಹಾಕಿದ ಕರುವನ್ನು ಮುತ್ತಿ "ನಾಟಿ ಬಾಯ್! ಶೇಮ್ ಶೇಮ್!" ಎಂದು ಗದರಿದ್ದು ರೇವಣ್ಣನವರ ಕಿವಿಗೆ ಬಿತ್ತು.

"ಮುತ್ತಿ, ನಂಗೂ ಒಂಚೂರು ಕಲ್ಸು."

"ಅಯ್ಯೋ ಸಾವ್ಕಾರ್ರೇ, ನಂಗೇನ್ ಬತ್ತದೆ? ಮಗೀಗೆ ಆಡಿದ್ದು, ಅಷ್ಟೆಯಾ."

"ನನ್ನೂ ಮಗು ಅನ್ಕೊ."

ಕೆಲಸ ಮುಗಿದ ಮೇಲೆ ಪಾಠ. ಅವರು ಜಗಲಿಯ ಬೆಂಚಿನ ಮೇಲೆ, ಅವಳು ಮೆಟ್ಟಿಲ ಮೇಲೆ. ಬಂದವರನ್ನು ಕರೆಯುವುದು, ಕೂರಿಸುವುದು, ಹಸಿವು ಕೇಳುವುದು ಒಂದೊಂದಾಗಿ ಬಂತು. ಪಾಲಿನ ಮಾತು ಹೇಗೆ ಎಂದಾಗ ಮುತ್ತಿ ಒಂದು ಕಿತ್ತಳೆ ಸುಲಿದು ಎರಡು ಮಾಡಿದಳು. "ಹಾಫ್ ಫಾರ್ ಯು, ಹಾಫ್ ಫಾರ್ ಮಿ. ನೋ ಫೈಟಿಂಗ್." ಐವತ್ತು ದಾಟಿದ ಸಾಹುಕಾರರು ತಲೆಯಾಡಿಸಿ ಹಾಗೇ ಅಂದರು. ಕಲಿಯುವಾಗ ಅವರ ಮುಖ ಥೇಟ್ ಮಗುವಿನದೇ ಆಗುತ್ತಿತ್ತು. ಅದನ್ನು ನೋಡಿ ಮುತ್ತಿಗೆ ಎಷ್ಟೋ ಕಾಲದ ಮೇಲೆ ಖುಷಿಯಾಯಿತು.

"ಕೊನೇಲಿ ಕಳ್ಸಿಕೊಡೋವಾಗ ಏನನ್ನಬೇಕು?"

ಮುತ್ತಿ ಮೆಟ್ಟಿಲ ಮೇಲಿನ ಕಿತ್ತಳೆ ಸಿಪ್ಪೆ ಒಟ್ಟುಮಾಡಿದಳು. "ಮಲಗ್ಸೋವಾಗ ಗುಡ್ ನೈಟ್ ಅಂತಿದ್ದೆ. ಕಳ್ಸಿಕೊಡೋ ಮಾತು ನಂಗ್ ಗೊತ್ತಿಲ್ಲ, ಸಾವ್ಕಾರ್ರೇ."

"ಅದೇ ಸಾಕು ಬಿಡು."

ದೊರೆ ಬರುವ ಹಿಂದಿನ ದಿನ ಜಯಪ್ಪ ಮೇಷ್ಟ್ರು ಬಂದು ಒಂದೆರಡು ಮಾತು ಕೇಳಿಸಿಕೊಂಡರು. ನಕ್ಕು ನಕ್ಕು ಕಣ್ಣಲ್ಲಿ ನೀರು. "ರೇವಣ್ಣೋರೇ, ಇದು ತೊಟ್ಲು ತೂಗೋ ಇಂಗ್ಲಿಷು! ಕಂಪ್ನಿ ದೊರೆ ಎದ್ದೇ ಹೋಯ್ತಾನೆ."

ಮುತ್ತಿಯ ಮುಖ ಕಪ್ಪಿಟ್ಟಿತು. ತನ್ನ ಮಾತಿನಿಂದ ಸಾಹುಕಾರರ ವ್ಯಾಪಾರ ಮಣ್ಣಾಗುತ್ತದಲ್ಲ ಎಂದುಕೊಂಡಳು. "ನಾಳೀಕ್ ಬ್ಯಾಡಿ, ಸಾವ್ಕಾರ್ರೇ. ಯಾರಾದ್ರೂ ಓದಿದೋರ್ನ ಕರ್ಸಿ."

"ಬರೋ ದೊರೆ ಮರದಿಂದ ಉದುರಿದ್ನಾ? ಅವ್ನೂ ಮಗು ಆಗಿದ್ದೋನೇ ಕಣ್ ಮುತ್ತಿ," ಎಂದರು ರೇವಣ್ಣ. "ನೀನೂ ಬಾ. ಕಂಬದ್ ಹತ್ರ ನಿಂತ್ಕೊ."

ಮರುದಿನ ಬೆಳಿಗ್ಗೆ ಮೋಟಾರಿನಿಂದ ಇಳಿದವನು ಮೂವತ್ತರ ಒಳಗಿನವನು. ಗಟ್ಟಿ ಕಾಲರು, ಬಿಗಿದ ಮುಖ, ಕಂಕುಳಲ್ಲಿ ಕಾಗದದ ಕಟ್ಟು. ರೇವಣ್ಣ ಎದ್ದು ನಿಂತು, ಒಂದೇ ಉಸಿರಿಗೆ, "ಕಮ್ ಇನ್, ಮೈ ಡಿಯರ್. ಸಿಟ್ ನೈಸ್ಲಿ. ಆರ್ ಯು ಹಂಗ್ರಿ?" ಎಂದರು.

ಪಕ್ಕದಲ್ಲಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮುತ್ತಿ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ದೊರೆಯ ಮುಖ ಕಿವಿಯವರೆಗೆ ಕೆಂಪಾಯಿತು. ಕಾಗದ ಬಿಚ್ಚಲು ಹೊರಟಿದ್ದ ಕೈ ಅಲ್ಲೇ ನಿಂತಿತು.

"ಯೆಸ್," ಎಂದ ಆಮೇಲೆ, ಮೆಲ್ಲಗೆ. "ಐ ಆಮ್ ಹಂಗ್ರಿ."

ಕಡುಬು, ಜೇನುತುಪ್ಪ ಬಂತು. ತಿಂದ, ಇನ್ನೆರಡು ಹಾಕಿಸಿಕೊಂಡ. ರೇವಣ್ಣ ಕಿತ್ತಳೆ ಸುಲಿದು, ಕಲಿತ ಹಾಗೇ ಹೇಳಿ ಅರ್ಧ ಕೊಟ್ಟರು. ಅವನು ನಗುತ್ತಾ ಕೈ ಚಾಚಿ ತೆಗೆದುಕೊಂಡ. ಆಮೇಲೆ ಎಷ್ಟು ಮೂಟೆ, ಯಾವ ತಿಂಗಳು, ಯಾರ ಹೊಣೆ ಏನು ಎಂಬ ಮಾತು ನಡೆಯಿತು. ಇಂಗ್ಲಿಷು ಮುಗಿದಲ್ಲಿ ಬೆರಳು, ಬೆರಳು ಸಾಲದಲ್ಲಿ ಮೇಷ್ಟ್ರು ಬರೆದ ಚೀಟಿ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಎದ್ದು ಕೈ ಕುಲುಕಿದರು. ಪಾಲು ಕುದುರಿತ್ತು.

ಮೋಟಾರಿನ ತನಕ ಹೋಗಿ ರೇವಣ್ಣ ಕೊನೆಯ ಪಾಠ ಒಪ್ಪಿಸಿದರು. "ಗುಡ್ ನೈಟ್, ಮೈ ಡಿಯರ್."

ದೊರೆ ತಲೆಯೆತ್ತಿ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದ. ರೇವಣ್ಣನವರನ್ನು ನೋಡಿದ. ಆಮೇಲೆ ಅವನ ಕಣ್ಣು ಅವರನ್ನು ದಾಟಿ, ಕಂಬದ ಹತ್ತಿರ ತುಟಿ ಅಲ್ಲಾಡಿಸುತ್ತಾ ಆ ಮಾತನ್ನೇ ಅನ್ನುತ್ತಿದ್ದ ಹೆಂಗಸಿನ ಮೇಲೆ ನಿಂತಿತು. ಅವಳು ಯಾರು, ಏನಾಗಿದ್ದವಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತಾನೂ ಅಂಥ ಮಡಿಲಲ್ಲೇ ಬೆಳೆದವನಂತೆ ಟೋಪಿ ತೆಗೆದ.

"ಗುಡ್ ನೈಟ್, ಆಯಾ."

"ಗುಡ್ ನೈಟ್, ಬಾಬಾ," ಎಂದಳು ಮುತ್ತಿ. ಮೋಟಾರು ಸಂತೆಮಾಳದ ತಿರುವು ದಾಟುವವರೆಗೆ ಕೈಬೀಸಿದಳು.

ರೇವಣ್ಣ ತಿರುಗಿ ಬಂದು ನೋಡಿದರೆ ಅವಳ ಕಣ್ಣಲ್ಲಿ ಧಾರೆ. "ಯಾಕ್ ಮುತ್ತಿ ಅಳ್ತೀಯ? ಕೆಲ್ಸ ಆಯ್ತಲ್ಲ!"

"ಆಯ್ತು, ಸಾವ್ಕಾರ್ರೇ," ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ. "ಮಗೀನ ಕಳ್ಸಿಕೊಟ್ಟಂಗಾಯ್ತು."